ಸೈಕಲ್ ತುಳಿಯುತ್ತಿದ್ದ ಮಗು

ರಾತ್ರಿ ಎರಡೂವರೆ. ಬಾಣಂತಿ ವಾರ್ಡಿನಿಂದ ಅಜ್ಜಿಯೊಬ್ಬರು ಮಗುವನ್ನು ಎದೆಗೆ ಅವಚಿಕೊಂಡು, ಹುಷಾರಿಲ್ಲದ ಹಸುಗೂಸುಗಳನ್ನು ನೋಡಿಕೊಳ್ಳುವ ನಮ್ಮ ಎಸ್‌ಎನ್‌ಸಿಯುಗೆ ಬಂದರು. ಎರಡು ದಿನದ ಕೂಸು, ತೂಕ 2 ಕೆಜಿ. "ಡಾಕ್ಟ್ರೇ, ಬಾಯಿ ಚಪ್ಪರಿಸ್ತಾನೇ ಇದೆ. ಹಸಿವೇನೋ ಅಂತ ಎದೆಗೆ ಹಾಕಿದ್ವಿ, ಹಿಡೀತಿಲ್ಲ."

ವಾರ್ಮರ್ ಮೇಲೆ ಮಲಗಿಸಿ ಬಟ್ಟೆ ಬಿಚ್ಚಿದೆ. ಕಣ್ಣೆರಡೂ ಬಲಕ್ಕೆ ವಾಲಿ ನಿಂತಿದ್ದವು. ಕಾಲುಗಳು ಸೈಕಲ್ ತುಳಿದ ಹಾಗೆ ಆಡುತ್ತಿದ್ದವು. ಇಂಥ ಮಗು ಬಂದರೆ ನಾನು ಮೊದಲು ಆ ಕಾಲನ್ನು ಮೆತ್ತಗೆ ಮಡಚಿ ಹಿಡಿಯುತ್ತೇನೆ. ಬರೀ ನಡುಕವಾದರೆ ಹಿಡಿದ ಕೂಡಲೇ ನಿಲ್ಲುತ್ತದೆ. ಈ ಕಾಲು ನನ್ನ ಅಂಗೈಯೊಳಗೂ ಮಿಡಿಯುತ್ತಲೇ ಇತ್ತು. ಫಿಟ್ಸೇ. ಹಸುಗೂಸಿಗೆ ದೊಡ್ಡವರ ಹಾಗೆ ಮೈಯೆಲ್ಲ ಸೆಟೆದು ಬರುವುದು ಅಪರೂಪ. ಬಾಯಿ, ಕಣ್ಣು, ಕಾಲು, ಕೆಲವೊಮ್ಮೆ ಬರೀ ಉಸಿರು ನಿಲ್ಲುವುದು, ಅಷ್ಟೇ ಇರಬಹುದು.

ಆಕ್ಸಿಜನ್ ಇಟ್ಟು, ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದೆವು. ಸಕ್ಕರೆ 18, ತೀರಾ ಕಡಿಮೆ. ರಕ್ತನಾಳಕ್ಕೆ ಲೈನ್ ಹಾಕಿ ಸಕ್ಕರೆ ನೀರು, ಅಂದರೆ 10% ಡೆಕ್ಸ್‌ಟ್ರೋಸ್ ಕೆಜಿಗೆ 2 ಮಿಲಿಯಂತೆ 4 ಮಿಲಿ ಕೊಟ್ಟು, ಹಿಂದೆಯೇ ಡ್ರಿಪ್ ಶುರು ಮಾಡಿದೆವು. ಸ್ವಲ್ಪ ಹೊತ್ತಿಗೆ ಕಾಲು ಸುಮ್ಮನಾಯಿತು, ಕಣ್ಣು ನಡುವಿಗೆ ಬಂತು. ಫಿಟ್ಸ್ ನಿಲ್ಲಿಸೋಕೆ ಅಂತ ಸಿಸ್ಟರ್ ಎಳೆದಿಟ್ಟಿದ್ದ ಫೀನೋಬಾರ್ಬಿಟೋನ್ ಔಷಧಿಯ ಸಿರಿಂಜ್ ಟ್ರೇನಲ್ಲೇ ಉಳಿಯಿತು.

ಸಕ್ಕರೆ ಸರಿಯಿದ್ದಿದ್ದರೆ ಕ್ಯಾಲ್ಸಿಯಂ ಕೊಡುತ್ತಿದ್ದೆ, ಎದೆಬಡಿತ ನೋಡಿಕೊಂಡು ನಿಧಾನಕ್ಕೆ. ಅದಕ್ಕೂ ನಿಲ್ಲದಿದ್ದರೆ ಫೀನೋಬಾರ್ಬಿಟೋನ್, ಕೆಜಿಗೆ 20 ಮಿಗ್ರಾಂ, 20 ನಿಮಿಷದಲ್ಲಿ. ಆದರೆ ಆ ಔಷಧಿ ಮೈಯೊಳಗೆ ಹೋದಮೇಲೆ ಕೈಕಾಲು ಸುಮ್ಮನಾದರೂ ಮೆದುಳಿನೊಳಗೆ ಫಿಟ್ಸ್ ನಡೆಯುತ್ತಲೇ ಇರಬಹುದು. ಅದು ಮೆದುಳಿನ ವಿದ್ಯುತ್ ಅಲೆಗಳನ್ನು ತೋರಿಸುವ ಇಇಜಿಯಲ್ಲಿ ಮಾತ್ರ ಕಾಣುತ್ತದೆ. ರಾತ್ರಿಹೊತ್ತು ಹಾಸಿಗೆ ಪಕ್ಕದಲ್ಲೇ ಇಇಜಿ ಇಲ್ಲದ ಕೊರತೆ ನನಗೆ ಇವತ್ತಿಗೂ ಜಾಸ್ತಿ ಕಾಡುತ್ತದೆ. ಸೋಂಕಿನ ಅನುಮಾನಕ್ಕೆ ರಕ್ತದ ಕಲ್ಚರ್ ಅಂತೂ ಕಳಿಸಿದೆವು.

ಸಕ್ಕರೆ ಇಳಿದದ್ದೇಕೆ? ಪುಟ್ಟ ಮಗು, ತಾಯಿಗೆ ಹಾಲು ಇಳಿದಿರಲಿಲ್ಲ. ಬೆರಳಲ್ಲಿ ನೆಕ್ಕಿಸಿದ ಜೇನುತುಪ್ಪ ಬಿಟ್ಟರೆ ಹೊಟ್ಟೆಗೆ ಹೆಚ್ಚೇನೂ ಹೋಗಿರಲಿಲ್ಲ. ಮೊದಲ ದಿನವೇ ನಮ್ಮಲ್ಲಿ ಯಾರಾದರೂ ಆ ತಾಯಿಯ ಪಕ್ಕ ಕೂತು ಹಾಲೂಡಿಸಬೇಕಿತ್ತು.

ಬೆಳಿಗ್ಗೆ ಅಜ್ಜಿ ಕೇಳಿದರು, "ಬಾಲಗ್ರಹ ಅಲ್ವಾ? ತಾಯಿತ ಕಟ್ಲಾ?"

"ಕುತ್ತಿಗೆಗೆ ಬೇಡಮ್ಮ. ಎರಡೆರಡು ಗಂಟೆಗೆ ಎದೆಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ."

ಮಧ್ಯಾಹ್ನದ ಹೊತ್ತಿಗೆ ಊರಿಂದ ಹಳೇ ಬೆಳ್ಳಿ ಒಳಲೆ ಬಂತು. ಸಿಸ್ಟರ್ ಅದನ್ನು ಕುದಿಸಿ ಕೊಟ್ಟರು. ಸಕ್ಕರೆ ಅಷ್ಟು ಇಳಿದಾಗ ನೋಟಕ್ಕೆ ಸಂಬಂಧಿಸಿದ ಮೆದುಳಿನ ಹಿಂಭಾಗಕ್ಕೆ ಪೆಟ್ಟಾಗಬಹುದು. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಮೂರು ತಿಂಗಳಿಗೆ ಕಣ್ಣು ತೋರಿಸಿ ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.