ಮರಿಗೆ ಕ್ರೇಟ್ ಬೇಕೇ? ಬೇಕೆಂದರೆ ಬಾಗಿಲು ಹಾಕುವುದು ಯಾವಾಗ?

ಹೊಸ ನಾಯಿಮರಿಗೆ ಕ್ರೇಟ್, ಅಂದರೆ ಬಾಗಿಲಿರುವ ಪಂಜರದಂಥ ಗೂಡು, ತರಬೇಕೋ ಬೇಡವೋ ಎನ್ನುವವರು ಮೊದಲು ತಮ್ಮ ದಿನಚರಿ ನೋಡಿಕೊಳ್ಳಬೇಕು. ಹಗಲಲ್ಲಿ ಯಾರಾದರೂ ಮನೆಯಲ್ಲಿದ್ದು, ಎರಡು ಗಂಟೆಗೊಮ್ಮೆ ಮರಿಯನ್ನು ಹೊರಗೆ ಕರೆದುಕೊಂಡು ಹೋಗಲು ಆಗುತ್ತದೆ ಎಂದಾದರೆ ಕ್ರೇಟ್ ತುಂಬ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಬೀಗ ಹಾಕಿ ಸಂಜೆ ತೆಗೆಯುವ ಮನೆಯಾದರೆ ಬೇಡವೇ ಬೇಡ. ಅಲ್ಲಿ ಬೇಕಿರುವುದು ನಡುವೆ ಬಂದು ಮರಿಯನ್ನು ನೋಡಿಕೊಳ್ಳುವ ಒಬ್ಬರು, ಜೊತೆಗೆ ಪ್ಲೇಪೆನ್ ಅನ್ನುವ ಮಡಚುವ ಬೇಲಿ. ಅದರೊಳಗೆ ಹಾಸಿಗೆ, ನೀರು, ಉಚ್ಚೆಗೆ ಒಂದು ಮೂಲೆ ಎಲ್ಲಕ್ಕೂ ಜಾಗವಿರುತ್ತದೆ.

ಕ್ರೇಟ್ ಇಲ್ಲದೆ ನಾಯಿ ಶಿಸ್ತು ಕಲಿಯುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಮನೆಯೊಳಗೆ ನಾಯಿಯನ್ನು ಪಂಜರದಲ್ಲಿ ಕೂಡಿಡುವುದಕ್ಕೆ ಕಾನೂನಿನ ನಿರ್ಬಂಧವಿದೆ. ಅಲ್ಲಿನ ನಾಯಿಗಳೇನೂ ಕಂಡಲ್ಲೆಲ್ಲ ಉಚ್ಚೆ ಹೊಯ್ದುಕೊಂಡಿಲ್ಲ.

ಕ್ರೇಟ್ ಕೆಲಸ ಮಾಡುವುದು ಮರಿಯ ಒಂದು ಹುಟ್ಟುಗುಣದಿಂದ. ಮೂರು ವಾರ ತುಂಬುವ ಹೊತ್ತಿಗೆ ಮರಿಗಳು ಮಲಗುವ ಜಾಗ ಬಿಟ್ಟು ಆಚೆ ಹೋಗಿ ಉಚ್ಚೆ ಮಾಡಲು ಶುರುಮಾಡುತ್ತವೆ. ಹಾಗಾಗಿ ಅಳತೆ ಮುಖ್ಯ. ಮರಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಸುಮಾರು 10 ಸೆಂ.ಮೀ. ಸೇರಿಸಿದರೆ ಸಾಕು. ಇದಕ್ಕಿಂತ ತೀರಾ ದೊಡ್ಡದಾದರೆ ಒಂದು ತುದಿಯಲ್ಲಿ ಹೊಯ್ದು ಇನ್ನೊಂದು ತುದಿಯಲ್ಲಿ ನಿದ್ದೆ ಮಾಡುತ್ತದೆ, ಕಲಿಕೆ ಅಲ್ಲಿಗೇ ನಿಂತಿತು. ಬೆಳೆದ ನಾಯಿಯ ಅಳತೆಗೆ ಕೊಳ್ಳುವುದಾದರೆ ಒಳಗೆ ಸರಿಸಬಹುದಾದ ಅಡ್ಡತಡೆ ಇರುವ ತಂತಿಯ ಕ್ರೇಟನ್ನೇ ಆರಿಸಿ. ಕೊಳಕು ಗೂಡಿನಲ್ಲಿ ಬೆಳೆದ ಮರಿಗೆ ಆ ಹುಟ್ಟುಗುಣವೇ ಮಾಸಿರಬಹುದು. ಅಂಥದ್ದಕ್ಕೆ ಕ್ರೇಟ್‌ನಿಂದ ಉಚ್ಚೆಯ ಪಾಠ ಹೇಳಿಕೊಡಲಾಗದು. ಗಂಟೆಗೊಮ್ಮೆ ಹೊರಗೆ ಒಯ್ಯುವುದೊಂದೇ ದಾರಿ.

ಎಷ್ಟು ಹೊತ್ತು ಕೂಡಿಡಬಹುದು? ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿ, ಅಷ್ಟು ಗಂಟೆ ಎನ್ನುವುದು ರೂಢಿಯ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ಗಂಟೆ. ಇದು ಕೊನೆಯ ಮಿತಿ, ದಿನನಿತ್ಯದ ಗುರಿಯಲ್ಲ. ಎಚ್ಚರವಾಗಿ ಆಡುತ್ತಿರುವ ಮರಿಗೆ ಅರ್ಧ ಗಂಟೆಯೂ ಉಚ್ಚೆ ತಡೆದುಕೊಳ್ಳಲು ಆಗದಿರಬಹುದು. ಆರು ತಿಂಗಳೊಳಗಿನ ಮರಿಯನ್ನು ಹಗಲಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕೂಡಿಡಬೇಡಿ.

ಮೊದಲ ದಿನ ಬಾಗಿಲನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿಬಿಡಿ. ಒಳಗೆ ಕಾಲಿಡುವಾಗ ಬಾಗಿಲು ತೂಗಿ ಒಮ್ಮೆ ಬೆನ್ನಿಗೆ ಬಡಿದರೆ ಆ ಹೆದರಿಕೆ ಬಿಡಿಸಲು ವಾರ ಹಿಡಿದೀತು. ತಿನಿಸಿನ ಚೂರನ್ನು ಮೊದಲು ಹೊಸ್ತಿಲಲ್ಲಿ, ಆಮೇಲೆ ನಡುವೆ, ಕೊನೆಗೆ ಹಿಂದಿನ ಗೋಡೆಯ ಹತ್ತಿರ ಎಸೆಯಿರಿ. ಹಿಂಗಾಲು ಹೊರಗೇ ಊರಿ ಕತ್ತು ಚಾಚಿ ತಿಂದು ಓಡಿಬಂದರೆ ಇನ್ನೂ ನಂಬಿಕೆ ಬಂದಿಲ್ಲ ಎಂದರ್ಥ. ತಳ್ಳಬೇಡಿ. ಊಟದ ಬಟ್ಟಲನ್ನೂ ಹೀಗೇ ಹೊತ್ತಿನಿಂದ ಹೊತ್ತಿಗೆ ಒಳಕ್ಕೆ ಸರಿಸುತ್ತ ಹೋಗಿ. ನಾಲ್ಕೂ ಕಾಲು ಒಳಗಿಟ್ಟು ನಿರಾಳವಾಗಿ ಉಣ್ಣತೊಡಗಿದ ಮೇಲೆ, ಉಣ್ಣುವಾಗ ಬಾಗಿಲು ಹಾಕಿ. ಬಟ್ಟಲು ಖಾಲಿಯಾಗುವ ಮುಂಚೆಯೇ ತೆರೆಯಿರಿ. ಆಮೇಲೆ ಐದು ಸೆಕೆಂಡ್, ಹತ್ತು, ಮೂವತ್ತು ಎಂದು ಏರಿಸಿ. ಪಕ್ಕದಲ್ಲೇ ಕೂತಿದ್ದು ಹತ್ತು ನಿಮಿಷ ನಿಭಾಯಿಸಿದರೆ ಮಾತ್ರ ಎದ್ದು ಬೇರೆ ಕೋಣೆಗೆ ಹೋಗಿ, ಅದೂ ಅರ್ಧ ನಿಮಿಷ.

ಮುಂದಿನ ಮೆಟ್ಟಿಲಿಗೆ ಹೋಗಬಹುದೇ ಎಂದು ಮರಿಯ ಮೈಯೇ ಹೇಳುತ್ತದೆ. ಒಂದು ಪಕ್ಕಕ್ಕೆ ವಾಲಿ, ಗಲ್ಲ ಊರಿ ಮಲಗಿದರೆ ಸರಿ. ನಿದ್ದೆ ಬಾರದೆಯೂ ಮತ್ತೆ ಮತ್ತೆ ಆಕಳಿಸುವುದು, ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಒತ್ತುವುದು ಕಂಡರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಬಾಗಿಲು ಹಾಕಲು ಒಳ್ಳೆಯ ಹೊತ್ತೆಂದರೆ ಆಟ ಮುಗಿದು, ಉಚ್ಚೆ ಆಗಿ, ಕಣ್ಣು ಎಳೆಯುತ್ತಿರುವಾಗ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆಯಾದರೂ ಮಲಗುತ್ತದೆ; ಸಂಜೆ ಸಿಕ್ಕಸಿಕ್ಕವರ ಕಾಲು ಕಚ್ಚುತ್ತ ಓಡುವುದು ಎಷ್ಟೋ ಸಲ ನಿದ್ದೆಗೆಟ್ಟ ಲಕ್ಷಣ.

ರಾತ್ರಿ ಕ್ರೇಟನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ತಾಯಿ, ಒಡಹುಟ್ಟಿದವನ್ನು ಬಿಟ್ಟುಬಂದ ಮರಿಯನ್ನು ಹಜಾರದಲ್ಲಿ ಒಂಟಿಯಾಗಿ ಇಟ್ಟು, ಅತ್ತರೆ ಅಳಲಿ ಎನ್ನುವುದು ಹಳೆಯ ಸಲಹೆ, ಕೆಟ್ಟ ಸಲಹೆ ಕೂಡ. ನಿಶ್ಶಬ್ದವಾಗಿ ಮಲಗಿದ್ದದ್ದು ತಟ್ಟನೆ ಎದ್ದು ಕುಂಯ್‌ಗುಟ್ಟಿದರೆ ಉಚ್ಚೆ ಬಂದಿದೆ: ದೊಡ್ಡ ದೀಪ ಹಾಕದೆ, ಮಾತಾಡಿಸದೆ ಎತ್ತಿಕೊಂಡು ದಿನದ ಜಾಗಕ್ಕೇ ಒಯ್ದು, ಆದ ಮೇಲೆ ನೇರ ಒಳಗೆ. ಎರಡು ತಿಂಗಳ ಮರಿಗೆ ರಾತ್ರಿಗೆ ಒಂದೆರಡು ಸಲ ಇದು ತಪ್ಪಿದ್ದಲ್ಲ. ಬಾಗಿಲು ಹಾಕಿದ ಕೂಡಲೇ ಅಳುವುದು ಬೇರೆ. ಹಗಲಿನ ಅಭ್ಯಾಸದಲ್ಲಿ ಅವಸರ ಮಾಡಿದ್ದೀರಿ. ಬೆರಳನ್ನು ಸರಳಿಗೆ ತಾಗಿಸಿಕೊಂಡು ಮಲಗಿ, ಮರುದಿನ ಹಿಂದಿನ ಮೆಟ್ಟಿಲಿನಿಂದ ಶುರುಮಾಡಿ. ಜೊಲ್ಲಿನಿಂದ ಎದೆ ಒದ್ದೆಯಾಗುವುದು, ಸರಳು ಕಚ್ಚುವುದು, ಏದುಸಿರು ಕಂಡರೆ ಅದು ಹಟವಲ್ಲ, ದಿಗಿಲು. ಹಾಗೆ ಬಿಟ್ಟರೆ ಹಲ್ಲು ಮುರಿದುಕೊಳ್ಳಬಹುದು. ಕೂಡಲೇ ಹೊರಗೆ ಬಿಡಿ. ಮತ್ತೆ ಮತ್ತೆ ಹಾಗಾದರೆ ಕ್ರೇಟ್ ಬಿಟ್ಟು ಪ್ಲೇಪೆನ್ ಬೇಲಿಗೆ ಬದಲಾಯಿಸಿ.

ಕೊರಳಪಟ್ಟಿಯನ್ನು ಒಳಗೆ ಬಿಡುವ ಮುಂಚೆ ಬಿಚ್ಚಲೇಬೇಕು, ಸರಳಿಗೆ ಸಿಕ್ಕಿಕೊಂಡು ಉಸಿರು ಕಟ್ಟಿದ ನಾಯಿಗಳಿವೆ. ಕ್ರೇಟಿನ ಮೇಲೆ ಬಟ್ಟೆ ಹೊದಿಸಿದರೂ ಒಂದು ಬದಿ ತೆರೆದಿರಲಿ. ಪಗ್‌ನಂಥ ಚಪ್ಪಟೆ ಮೂತಿಯ ಮರಿಗಳಿಗೆ ಸೆಕೆ ಬೇಗ ಏರುತ್ತದೆ. ಹಾಸನ್ನು ಹರಿದು ನುಂಗುವ ಮರಿಯಾದರೆ ಹಾಸೇ ಬೇಡ. ಒಳಗೆ ಉಚ್ಚೆ ಮಾಡಿದರೆ ಬೈಯಬೇಡಿ. ಎನ್‌ಜೈಮ್ ಇರುವ ಕ್ಲೀನರ್‌ನಿಂದ ಒರೆಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಉಚ್ಚೆಯನ್ನೇ ನೆನಪಿಸುತ್ತದೆ. ಅಳತೆ, ಹೊತ್ತು ಎಲ್ಲ ಸರಿಯಿದ್ದೂ ಪದೇ ಪದೇ ಸ್ವಲ್ಪಸ್ವಲ್ಪ ಹೊಯ್ಯುತ್ತಿದ್ದರೆ ಮೂತ್ರನಾಳದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ.

ಬಾಗಿಲು ತೆರೆದಿದ್ದರೂ ತಾನೇ ಹೋಗಿ ಮಲಗುವ, ಮನೆಯಲ್ಲಿ ಏನನ್ನೂ ಕಡಿಯದ ನಾಯಿಗೆ ಚಿಲಕ ಬೇಕಿಲ್ಲ. ಆದರೂ ಆಗೊಮ್ಮೆ ಈಗೊಮ್ಮೆ ಹತ್ತು ನಿಮಿಷ ಬಾಗಿಲು ಹಾಕಿ ಅಭ್ಯಾಸ ಉಳಿಸಿಕೊಳ್ಳಿ. ಏಕೆಂದರೆ ಸಂತಾನಹರಣದ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಲಿಗೆ ಮಾಗುವ ತನಕ ನಾಯಿಯನ್ನು ಓಡದಂತೆ, ಹಾರದಂತೆ ಇಡಬೇಕಾಗುತ್ತದೆ.