ರಬ್ಬರ್ ಬಾಲಕ್ಕೆ ಬಿದ್ದ ರಾವಸ: ಅಘನಾಶಿನಿ ಅಳಿವೆಯಲ್ಲಿ ನನ್ನ ಅನುಭವ

ಹೋಟೆಲುಗಳು ಇಂಡಿಯನ್ ಸಾಲ್ಮನ್ ಎಂದು ಮಾರುವ ರಾವಸ ಜೀವಂತ ಸಿಗಡಿಗಲ್ಲದೆ ಬೇರಾವುದಕ್ಕೂ ಬಾಯಿ ಹಾಕುವುದಿಲ್ಲ ಎಂಬುದು ಅಘನಾಶಿನಿ ಅಳಿವೆಯ ದಡದ ತದಡಿಯಲ್ಲಿ ಎಲ್ಲರ ಮಾತು. ಈ ಚಳಿಗಾಲ ನನಗೆ ಸಿಕ್ಕ ಒಳ್ಳೆಯ ರಾವಸಗಳೆಲ್ಲ ಕೊಕ್ಕೆಗೆ ಸಿಕ್ಕಿಸುವ ಮೆತ್ತನೆಯ ನಕಲಿ ಮೀನಿಗೆ, ಅಂದರೆ ರಬ್ಬರ್ ಬಾಲಕ್ಕೇ ಬಿದ್ದವು. ದೊಡ್ಡದು ನಾಲ್ಕು ಕಿಲೋದ ಹತ್ತಿರ ತೂಗಿತು. ದಡದಿಂದ, ಗಾಳದ ಕೋಲಿನಲ್ಲಿ.

ಹಿಂದಿನ ಹಂಗಾಮುಗಳಲ್ಲಿ ಹಣವೆಲ್ಲ ನೀರುಪಾಲಾಯಿತು. ಬೆಳಗ್ಗೆ ಸುಮಾರು ಇನ್ನೂರು ರೂಪಾಯಿಯ ಸಿಗಡಿ ಕೊಂಡರೆ ಅರ್ಧ ಡಬ್ಬಿಯಲ್ಲೇ ಸಾಯುತ್ತಿದ್ದವು. ಉಳಿದವು ಏಡಿಗಳ ಪಾಲು, ಹೊಟ್ಟೆಯುಬ್ಬಿಸುವ ಮೀನುಗಳ ಪಾಲು. ಅವು ಗಾಳದ ದಾರವನ್ನೂ ಕತ್ತರಿಸಿಕೊಂಡು ಹೋಗುತ್ತಿದ್ದವು. ಬೇಸತ್ತು ಸ್ಪೂನ್‌ಗೆ, ಅಂದರೆ ಮೀನಿನಂತೆ ಹೊಳೆಯುವ ಲೋಹದ ತುಂಡಿಗೆ ಬದಲಾಯಿಸಿದೆ. ಒಂದಕ್ಕೆ ಮುನ್ನೂರರಷ್ಟು ಬೆಲೆ. ವೇಗವಾಗಿ ಎಳೆದರೆ ಸೂಜಿಮೂತಿಯ ಮೀನುಗಳೇ ಬರುತ್ತಿದ್ದವು, ನಿಧಾನ ಮಾಡಿದರೆ ಚಿಪ್ಪು ಕಟ್ಟಿದ ಬಂಡೆಗೆ ಸಿಕ್ಕಿ ಸ್ಪೂನೇ ಹೋಗುತ್ತಿತ್ತು.

ಕೊನೆಗೆ ದಾರಿ ಬದಲಿಸಿದ್ದು ರಾವಸದ ಕಣ್ಣು ನೋಡಿ. ಕಣ್ಣಿನ ಮೇಲೆ ಪಾರದರ್ಶಕ ಪೊರೆ, ಎದೆಯ ಕೆಳಗೆ ನಾಲ್ಕು ಎಳೆ. ಕದಡಿದ ನೀರಿನಲ್ಲಿ ತಳವನ್ನು ತಡವಿಕೊಂಡು ಮೇಯುವ ಮೀನಿನ ತಲೆಯ ಮೇಲೆ ಹೊಳಪು ಓಡಿಸಿ ಏನು ಪ್ರಯೋಜನ? ಹದಿನೈದು ಇಪ್ಪತ್ತು ಗ್ರಾಮಿನ ಜಿಗ್ ಹೆಡ್, ಅಂದರೆ ಕೊಕ್ಕೆ ಕೂಡಿಸಿದ ಸೀಸದ ತಲೆ, ಅದಕ್ಕೆ ಬೆರಳುದ್ದದ ಬಾಲ. ತಳ ಮುಟ್ಟಲು ಬಿಡಿ, ರೀಲಿಗೆ ಎರಡು ಸುತ್ತು, ಮತ್ತೆ ಬೀಳಲು ಬಿಡಿ. ಹೊಡೆತ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ದಾರ ಸಡಿಲವಾಗಿದ್ದರೆ ಗೊತ್ತೇ ಆಗುವುದಿಲ್ಲ. ಅದರ ಬಾಯಿ ಮರಳು ಕಾಗದ. ದಾರದ ತುದಿಗೆ ಕಟ್ಟುವ ಗಟ್ಟಿ ಎಳೆ, ಮೂವತ್ತು ಪೌಂಡಿನ ಲೀಡರ್, ಸವೆದು ಒಳ್ಳೆಯ ಮೀನುಗಳು ತಪ್ಪಿದವು. ಈಗ ನಲವತ್ತು, ಪ್ರತಿ ಮೀನಿನ ನಂತರ ಒಂದು ಗೇಣು ಕತ್ತರಿಸಿ ಹೊಸ ಗಂಟು.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ನೀರೂ ಏರತೊಡಗುತ್ತದೆ. ಮೂಡಣ ಗಾಳಿಗೆ ಸಮುದ್ರ ಮಲಗಿರುತ್ತದೆ. ಆ ಎರಡು ತಾಸು ಸಾಕು. ಮರಳು ದಿಬ್ಬದ ಯಾವ ಅಂಚು ಎಂದು ಮಾತ್ರ ಕೇಳಬೇಡಿ. ಬಾಲಕ್ಕೆ ನಾನು ಬ್ಲೇಡಿನಿಂದ ಮಾಡುವ ಸಣ್ಣ ಕೆಲಸವೊಂದಿದೆ, ಅದೂ ನನ್ನಲ್ಲೇ ಇರಲಿ.

ನಡುವೆ ಹಳೆಯ ಬಲೆಯ ಸೀಸ ಕರಗಿಸಿ ಜಿಗ್ ಹೆಡ್ ಎರಕ ಹೊಯ್ದೆ. ಪ್ಲಾಸ್ಟರ್ ಅಚ್ಚಿನಲ್ಲಿ ಕೊಕ್ಕೆ ಓರೆಯಾಗಿ ಬಾಲ ಗಿರಗಿರನೆ ತಿರುಗಿತು. ಅಲ್ಯೂಮಿನಿಯಂ ಅಚ್ಚು ಕೊರೆಸಿದ ಮೇಲೆ ಒಂದಕ್ಕೆ ಹತ್ತು ರೂಪಾಯಿಯ ಒಳಗೆ ಬೀಳುತ್ತಿದೆ, ಅಂಗಡಿಯಲ್ಲಿ ಎಪ್ಪತ್ತು. ಸಿಗಡಿ ಸಿಪ್ಪೆಯ ರಸ ಹಚ್ಚಿ ನೋಡಿದೆ, ಏಡಿಗಳಿಗೆ ಹಬ್ಬ. ಹೊನ್ನಾವರದಲ್ಲಿಯೂ ಇದೇ ಬಾಲ ಎಸೆದೆ, ಬರಿಗೈ. ಗೇರುಸೊಪ್ಪೆಯ ವಿದ್ಯುದಾಗಾರದಿಂದ ಬರುವ ಸಿಹಿನೀರು ಶರಾವತಿಯ ಅಳಿವೆಯನ್ನು ಸಪ್ಪೆ ಮಾಡುತ್ತದೆ, ಅಘನಾಶಿನಿಗೆ ಅಣೆಕಟ್ಟಿಲ್ಲ. ಕಾರಣ ಅದೇ ಇರಬೇಕೆಂದು ನನ್ನ ಲೆಕ್ಕ.

ಕುಮಟಾದಲ್ಲಿ ಮೀನು ಮಾರುವ ಅಕ್ಕ ಕಿವಿರು ಎತ್ತಿ, ಹುರುಪೆ ಸವರಿ, "ತಮ್ಮಾ, ಇದು ಬಲೆಯದ್ದಲ್ಲ" ಎಂದು ಕಿಲೋಗೆ ಐನೂರೈವತ್ತರಂತೆ ತೆಗೆದುಕೊಂಡರು. ಒಂದು ಕಿಲೋಗಿಂತ ಸಣ್ಣದನ್ನು ನೀರಿಗೇ ಬಿಡುತ್ತೇನೆ. ರಾವಸ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುವ ಜಾತಿ, ಹಾಗಾಗಿ ಬಿಡಬೇಕಾದದ್ದು ದೊಡ್ಡದನ್ನೂ ಹೌದು. ಆ ನಾಲ್ಕು ಕಿಲೋದ್ದನ್ನು ಬಿಡಲು ನನಗೆ ಕೈ ಬರಲಿಲ್ಲ. ಕೋಲು, ರೀಲು, ಕಳೆದ ಸ್ಪೂನ್‌ಗಳು ಎಲ್ಲ ಸೇರಿಸಿದರೆ ಇನ್ನೂ ಎರಡು ಮೂರು ಸಾವಿರ ನಷ್ಟದಲ್ಲಿದ್ದೇನೆ.