ಗ್ರ್ಯಾಂಡ್ ಜ್ಯೂರಿ ದೋಷಾರೋಪ ಹೊರಿಸಲು ಒಪ್ಪದಿದ್ದಾಗ ಏನು ಮಾಡಬೇಕು

ಅಮೆರಿಕದಲ್ಲಿ ನಿಮ್ಮ ಅಥವಾ ನಿಮ್ಮವರ ಪ್ರಕರಣದಲ್ಲಿ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಲು ತಕ್ಕ ಆಧಾರವಿದೆಯೇ ಎಂದು ವಿಚಾರಣೆಗೆ ಮುನ್ನ ನೋಡುವ ನಾಗರಿಕರ ಮಂಡಲಿ) 'ನೋ ಟ್ರೂ ಬಿಲ್', ಅಂದರೆ ದೋಷಾರೋಪ ಹೊರಿಸುವುದಿಲ್ಲ, ಎಂದು ತೀರ್ಮಾನಿಸಿದರೆ, ಅದು ಖುಲಾಸೆಯ ತೀರ್ಪಲ್ಲ ಎಂಬುದನ್ನು ಮೊದಲು ಮನಗಾಣಿರಿ. ಫೆಡರಲ್ (ಕೇಂದ್ರ ಸರ್ಕಾರದ ಕಾನೂನಿನ) ಪ್ರಕರಣಗಳಲ್ಲಿ 16ರಿಂದ 23 ಸದಸ್ಯರು ಗುಟ್ಟಾಗಿ ಸಾಕ್ಷ್ಯ ಕೇಳುತ್ತಾರೆ. ಆರೋಪವನ್ನು ನಂಬಲು ತಕ್ಕ ಆಧಾರವಿದೆಯೆಂದು ಕನಿಷ್ಠ 12 ಮಂದಿ ಒಪ್ಪದಿದ್ದರೆ ದೋಷಾರೋಪ ಪತ್ರ ಹೊರಡುವುದಿಲ್ಲ, ಅಷ್ಟೇ.

ಬಂಧನವೋ ಜಾಮೀನಿನ ಷರತ್ತುಗಳೋ ಜಾರಿಯಲ್ಲಿದ್ದರೆ, ಬಿಡುಗಡೆ, ಜಾಮೀನು ಹಣ ಮತ್ತು ಪಾಸ್‌ಪೋರ್ಟ್ ಹಿಂದಿರುಗಿಸುವಂತೆ ವಕೀಲರ ಮೂಲಕ ಕೂಡಲೇ ನ್ಯಾಯಾಲಯವನ್ನು ಕೋರಿರಿ. ಲಿಖಿತ ಆದೇಶ ಕೈಗೆ ಬರುವವರೆಗೂ ಷರತ್ತುಗಳನ್ನು ಮೀರಬೇಡಿ.

ಬಹಳ ಜನ ಎಡವುವುದು ಇದರ ನಂತರ. ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ನಡೆಸಬಾರದೆಂಬ ಸಂವಿಧಾನದ ರಕ್ಷಣೆ, ಜ್ಯೂರಿ ವಿಚಾರಣೆಯಲ್ಲಿ ತೀರ್ಪು ಕೊಡುವ ಜ್ಯೂರಿಯ (ಗ್ರ್ಯಾಂಡ್ ಜ್ಯೂರಿಯಲ್ಲ) ಸದಸ್ಯರು ಪ್ರಮಾಣವಚನ ಸ್ವೀಕರಿಸಿದ ಮೇಲೆ ಮಾತ್ರ ಆರಂಭವಾಗುವುದರಿಂದ, ಪ್ರಾಸಿಕ್ಯೂಟರ್ ಅದೇ ವಿಷಯವನ್ನು ಮತ್ತೊಂದು ಗ್ರ್ಯಾಂಡ್ ಜ್ಯೂರಿಯ ಮುಂದಿಡಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ಇದಕ್ಕೆ ನ್ಯಾಯಾಲಯದ ಅನುಮತಿ ಬೇಕು, ಅದೂ ಒಮ್ಮೆ ಮಾತ್ರ. ಫೆಡರಲ್ ಪದ್ಧತಿಯಲ್ಲಿ ಆ ತಡೆಯಿಲ್ಲ, ಬಹುತೇಕ ಅಪರಾಧಗಳಿಗೆ ದೋಷಾರೋಪ ಹೊರಿಸುವ ಕಾಲಮಿತಿ 5 ವರ್ಷ. ಆದ್ದರಿಂದ ನೆಮ್ಮದಿಯ ಭರದಲ್ಲಿ ಘಟನೆಯ ಬಗ್ಗೆ ಸಾಮಾಜಿಕ ಜಾಲತಾಣಗಳಲ್ಲಿ ಬರೆಯಬೇಡಿ, ತನಿಖಾಧಿಕಾರಿಗಳೊಡನೆ ವಕೀಲರಿಲ್ಲದೆ ಮಾತನಾಡಬೇಡಿ, ಸಂಬಂಧಪಟ್ಟ ಒಂದು ಕಾಗದವನ್ನೂ ನಾಶಮಾಡಬೇಡಿ. ಇಷ್ಟು ದಿನ ಉಸಿರು ಬಿಗಿಹಿಡಿದವರಿಗೆ ಈ ಮೌನ ಕಷ್ಟವೆಂದು ನನಗೆ ಗೊತ್ತು, ಆದರೂ ಇದನ್ನು ಒತ್ತಿ ಹೇಳಲೇಬೇಕು.

ಬಂಧನದ ದಾಖಲೆ ಎಲ್ಲೆಡೆ ತಾನಾಗಿಯೇ ಅಳಿಯುವುದಿಲ್ಲ. ಅದನ್ನು ಅಳಿಸುವ ಅಥವಾ ಗೌಪ್ಯವಾಗಿಡುವ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ವಿಶೇಷವಾಗಿ ಗಮನಿಸಿ: ಪೌರತ್ವದ ಅರ್ಜಿಯಲ್ಲಿ ಎಂದಾದರೂ ಬಂಧನಕ್ಕೊಳಗಾಗಿದ್ದೀರಾ ಎಂದು ಕೇಳುತ್ತಾರೆ, ದಾಖಲೆ ಗೌಪ್ಯವಾಗಿದ್ದರೂ ನಿಜವನ್ನೇ ಬರೆಯಬೇಕು. ಪ್ರಕರಣ ಮುಗಿದುದನ್ನು ತೋರಿಸುವ ನ್ಯಾಯಾಲಯದ ದಾಖಲೆಯ ದೃಢೀಕೃತ ಪ್ರತಿಯನ್ನು ಈಗಲೇ ಪಡೆದಿಡಿ.

ನೊಂದವರ ಕುಟುಂಬದವರು ನೀವಾಗಿದ್ದರೂ ದಾರಿ ಮುಚ್ಚಿಲ್ಲ. ಪೊಲೀಸರು ಬಂಧಿಸುವಾಗ ಸತ್ತ ಎರಿಕ್ ಗಾರ್ನರ್ ಅವರ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಭಾಗವಾದ ಸ್ಟ್ಯಾಟನ್ ಐಲೆಂಡ್‌ನ ಗ್ರ್ಯಾಂಡ್ ಜ್ಯೂರಿ ಪೊಲೀಸ್ ಅಧಿಕಾರಿಯ ಮೇಲೆ ದೋಷಾರೋಪ ಹೊರಿಸಲಿಲ್ಲ; ಆದರೂ 2015ರಲ್ಲಿ ನ್ಯೂಯಾರ್ಕ್ ನಗರವು ಕುಟುಂಬಕ್ಕೆ 59 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಸಿವಿಲ್ ಮೊಕದ್ದಮೆಗೆ ಬೇಕಾದ ಪುರಾವೆಯ ಮಟ್ಟ ಕ್ರಿಮಿನಲ್ ಶಿಕ್ಷೆಗೆ ಬೇಕಾದುದಕ್ಕಿಂತ ಕಡಿಮೆ. ಸರ್ಕಾರಿ ಸಂಸ್ಥೆಯಿಂದ ಪರಿಹಾರ ಕೇಳುವ ಗಡುವು ಮಾತ್ರ ಹಲವು ಕಡೆ ಕೆಲವೇ ತಿಂಗಳುಗಳದು, ಹಾಗಾಗಿ ಗ್ರ್ಯಾಂಡ್ ಜ್ಯೂರಿಯ ತೀರ್ಮಾನಕ್ಕೆ ಕಾಯದೆ ಸಿವಿಲ್ ವಕೀಲರನ್ನು ಕಾಣಿರಿ.